ಕಾಕಾ ನೀರಿನಲ್ಲಿ ಅಳೆದ ಗಾಳಿ

ಮೊನ್ನೆ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆ ತೆಗೆದೆ. ಗ್ರೀಸಿನ ವಾಸನೆ ಮೂಗಿಗೆ ಬಡಿಯಿತು. ಒಳಗೆ ಗಾಳಿಯ ಒತ್ತಡದಿಂದ ಪ್ಲಾಸ್ಟಿಕ್ ಗುಂಡು ಹಾರಿಸುವ ನನ್ನ ಹಳೆಯ ಏರ್‌ಸಾಫ್ಟ್ ಗನ್ನು, ಅದರ ಪಕ್ಕದಲ್ಲಿ ಚಿಂದಿ ಬಟ್ಟೆಯಲ್ಲಿ ಸುತ್ತಿದ, ಒಂದೂವರೆ ಗೇಣಿನ ಹಿತ್ತಾಳೆ ನಳಿಗೆ. ಚಿಂದಿ ಬಿಚ್ಚಲು ಕೈ ಬರಲಿಲ್ಲ. ಅದನ್ನು ಅಲ್ಲಿ ಬಚ್ಚಿಟ್ಟವನು ನಾನೇ...

ಆ ನಳಿಗೆ ಮಾಡಿಕೊಟ್ಟವರು ಪಕ್ಕದ ಮನೆಯ ಕಾಕಾ. ಶಹಾಬಾದಿನ ನಮ್ಮ ಓಣಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇಥ್ ಯಂತ್ರದ ಮೇಲೆ ದುಡಿದು ನಿವೃತ್ತರಾದ ಮೇಲೆ ಪಡಸಾಲೆಯಲ್ಲೇ ಒಂದು ಸಣ್ಣ ಲೇಥ್ ಹಾಕಿಕೊಂಡಿದ್ದರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಕೂತರೆ ಊಟದ ತನಕ ಏಳುತ್ತಿರಲಿಲ್ಲ. ಪಂಪಿನದೋ ಹೊಲಿಗೆ ಯಂತ್ರದ್ದೋ ಬಿಡಿಭಾಗ, ಓಣಿಯವರು ಏನು ತಂದರೂ ಇಲ್ಲ ಎಂದವರಲ್ಲ. "ಕೈ ನಿಂತ ದಿನ ನಾ ನಿಂತಂಗ" ಎನ್ನುತ್ತಿದ್ದರು.

ನಾವು ನಾಲ್ಕು ಜನ ಗೆಳೆಯರು, ಹೆಂಡಿರು ಮಕ್ಕಳಿದ್ದವರೇ, ಭಾನುವಾರ ಕೆಲಸ ನಿಂತ ಕಲ್ಲಿನ ಖಣಿಗೆ ಹೋಗಿ ಪ್ಲಾಸ್ಟಿಕ್ ಗುಂಡು ಹಾರಿಸುತ್ತಿದ್ದೆವು. ಮನೆಯಲ್ಲಿ ಎಲ್ಲರೂ ನಕ್ಕರು. ಕಾಕಾ ಮಾತ್ರ ನಗದೆ ನನ್ನ ಗನ್ನು ಬಿಚ್ಚಿ ಮುಂದೆ ಹರವಿಕೊಂಡರು. ಗುಂಡನ್ನು ತಳ್ಳುವ ಗಾಳಿ ತುಂಬುವ ಸಿಲಿಂಡರಿನ ಬಾಯಿಗೆ ಬೆರಳೊತ್ತಿ ನೀರು ತುಂಬಿ, ಅದನ್ನು ಕೆಮ್ಮಿನ ಔಷಧದ ಬಾಟಲಿಯ ಮುಚ್ಚಳದಲ್ಲಿ ಅಳೆದರು.

"ಗಾಳಿ ಕಣ್ಣಿಗೆ ಕಾಣಂಗಿಲ್ಲ ತಮ್ಮಾ, ನೀರು ಕಾಣ್ತದ. ಸಿಲಿಂಡರ್ ಎರಡು ಮುಚ್ಚಳ ಹಿಡಿದ್ರ ನಳಿಗಿ ಒಂದೇ ಹಿಡೀಬೇಕು. ಅದಕ್ಕಿಂತ ಉದ್ದಾದ್ರ ಗಾಳಿ ನಡುದಾರ್ಯಾಗೇ ಮುಗೀತದ, ಗುಂಡು ಒಳಗೇ ಸೊರಗ್ತದ."

ನನಗೋ ಉದ್ದ ನಳಿಗೆಯ ಹುಚ್ಚು. ಅದನ್ನು ತಿಳಿದೇ ಅವರು, ಆ ಅಳತೆಗೆ ತಾವು ಕಡೆದ ಒಂದೂವರೆ ಗೇಣಿನ ನಳಿಗೆಯ ಮೇಲೆ ಮೂರು ಗೇಣಿನ ಖಾಲಿ ಕೊಳವೆ ತೊಡಿಸಿ, "ನೋಡ್ಲಿಕ್ಕ ಉದ್ದ ಅದ, ಸಾಕಲ್ಲ?" ಎಂದು ಮೀಸೆಯಲ್ಲೇ ನಕ್ಕರು. ಸಾಕಾಗಲಿಲ್ಲ. ಅತಿಯಾಸೆ ಗತಿಗೇಡು ಅಂತಾರಲ್ಲ. ಯಾರಿಗೂ ಹೇಳದೆ ಮೂರು ಗೇಣಿನ ನಳಿಗೆ ತರಿಸಿದೆ, ಕಾಕಾ ಮಾಡಿದ್ದನ್ನು ತೆಗೆದು ಆ ಕೊಳವೆಯೊಳಗೆ ಅದನ್ನು ಹಾಕಿದೆ. ಹೊರಗಿನಿಂದ ವ್ಯತ್ಯಾಸ ಕಾಣುತ್ತಿರಲಿಲ್ಲ.

ಆ ಭಾನುವಾರ ನೀರು ತುಂಬಿದ ಖಣಿಯ ಆಚೆ ದಂಡೆಯ ಮೇಲೆ ಡಬ್ಬಿ ಇಟ್ಟಿದ್ದೆವು. ನನ್ನ ಗುಂಡು ಅರ್ಧ ದಾರಿಗೇ ನೀರಿಗೆ ಬಿತ್ತು. ಎರಡನೆಯದೂ ಹಾಗೆಯೇ. ಗೆಳೆಯರು ಹೊಟ್ಟೆ ಹಿಡಿದು ನಕ್ಕರು. ಮುಖ ಉಳಿಸಿಕೊಳ್ಳಲು ನನ್ನ ಬಾಯಿಂದ ಬಂದ ಮಾತು ಇದು: "ಕಾಕಾನ ಕೆಲಸ ನೋಡ್ರಿ. ವಯಸ್ಸಾಗ್ಯದ, ಕೈ ನಡುಗ್ತಾವ. ಅಳತಿ ತಪ್ಪ್ಯಾರ."

ಮಾತು ನನಗಿಂತ ಮೊದಲೇ ಓಣಿ ಮುಟ್ಟಿತು. ಹೊಲಿಗೆಯವರು ಯಂತ್ರವನ್ನು ರಿಪೇರಿಗೆ ಬೇರೆ ಕಡೆ ಒಯ್ದರು. ಗೆಳೆಯರು ಕಾಕಾರ ಹತ್ತಿರ ಕೆಲಸಕ್ಕೆ ಕೊಟ್ಟಿದ್ದ ತಮ್ಮ ಗನ್ನುಗಳನ್ನು ವಾಪಸು ತಂದರು. ಒಂದು ಸಂಜೆ ಕಾಕಾ ನಮ್ಮ ಹೊಸ್ತಿಲ ತನಕ ಬಂದು ನಿಂತರು.

"ಎಲ್ಲಿ ತಪ್ಪೀನಿ ಒಮ್ಮಿ ತೋರ್ಸು ತಮ್ಮಾ. ಬಿಚ್ಚಿ ನೋಡ್ತೀನಿ."

"ಇರ್ಲಿ ಬಿಡ್ರಿ ಕಾಕಾ, ಈಗ್ಯಾಕ" ಎಂದೆ. ಬಿಚ್ಚಿದರೆ ನನ್ನ ಕಳ್ಳಾಟ ಹೊರಗೆ ಬೀಳುತ್ತಿತ್ತು. ಅವರು ತಮ್ಮ ಎರಡೂ ಕೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡು ಹೋದರು. ಮುಂದಿನ ವಾರ ಲೇಥ್ ಮೇಲೆ ತಾಡಪಾಲಿನ ಹೊದಿಕೆ ಬಿತ್ತು. ಹೇಳಬೇಕು, ನಾಳೆ ಹೇಳಬೇಕು ಎನ್ನುತ್ತಲೇ ಎರಡು ವರ್ಷ ಕಳೆದೆ... ಕಾಕಾ ಲಿಂಗೈಕ್ಯರಾದರು. ಅವರಿಗೆ ಮಣ್ಣು ಕೊಡಲು ಹೋದ ನಾನು ಅಲ್ಲೂ ಬಾಯಿ ಬಿಡಲಿಲ್ಲ.

ಮೊನ್ನೆ ಕೊನೆಗೂ ಚಿಂದಿ ಬಿಚ್ಚಿದೆ. ನೀರು ಹಾಕಿ ಅಳೆದೆ. ಸಿಲಿಂಡರಿಗೆ ಎರಡು ಮುಚ್ಚಳ, ನಳಿಗೆಗೆ ಒಂದು, ಹನಿಯೂ ಹೆಚ್ಚುಕಡಿಮೆ ಇಲ್ಲ. ಅವರ ನಳಿಗೆ ಮತ್ತೆ ಹಾಕಿ, ಹಿತ್ತಲ ಕೊನೆಯಲ್ಲಿ ಡಬ್ಬಿ ಇಟ್ಟು ಹೊಡೆದೆ. ಒಂದೇ ಏಟಿಗೆ ಡಬ್ಬಿ ಠಣ್ ಎಂದು ಉರುಳಿತು. ಸಪ್ಪಳ ಕೇಳಿ ಗೋಡೆಯಾಚೆಯಿಂದ ಕಾಕು, ಅವರ ಹೆಂಡತಿ, ಇಣುಕಿದರು. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ.

"ಹಾಸಿಗಿ ಹಿಡಿದ ಮ್ಯಾಲೂ ಮುಚ್ಚಳದಾಗ ನೀರು ಹಾಕಿ ಅಳೀತಿದ್ರಪ್ಪಾ. ಎಲ್ಲಿ ತಪ್ಪೀನಿ, ಎಲ್ಲಿ ತಪ್ಪೀನಿ ಅಂತ ನನ್ನ ಕೇಳ್ತಿದ್ರು. ನನಗೇನು ಗೊತ್ತು?"

ಕಾಕು ಒಳಗೆ ಹೋಗಿ ಕದ ಮುಚ್ಚಿಕೊಂಡರು.