ಅರ್ಧ ಕಾಲುವೆಗೆ ಪೂರ್ತಿ ನೀರು

ನನಗೆ ಮೂಗಿನ ತುದಿಯಲ್ಲೇ ಕೋಪ. ಮೈಲೂರಿನ ಮನೆಯಿಂದ ನೌಬಾದ ಕಡೆಯ ಕಾಲೇಜಿಗೆ ಸ್ಕೂಟಿಯಲ್ಲಿ ಹೋಗುವಷ್ಟರಲ್ಲಿ ಅರ್ಧ ಖರ್ಚಾಗಿರುತ್ತದೆ, ಉಳಿದದ್ದು ವಿದ್ಯಾರ್ಥಿಗಳ ಪಾಲಿಗೆ. ಆ ವರ್ಷ ಅದರಲ್ಲಿ ಹೆಚ್ಚಿನದು ಒಬ್ಬಳಿಗೇ ಸಂದಿತು. ಖಟಕ ಚಿಂಚೋಳಿಯಿಂದ ಭಾಲ್ಕಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಬರುತ್ತಿದ್ದ ಎಂ.ಟೆಕ್. ಹುಡುಗಿ ಅವಳು.

ಕಂಪ್ಯೂಟರ್ ಚಿಪ್ ಕಾಯದಿರಲೆಂದು ಅದರ ಬೆನ್ನಿಗೆ ತಾಮ್ರದ ತುಂಡೊಂದನ್ನು ಕೂರಿಸುತ್ತಾರೆ. ಅದರೊಳಗೆ ಕೂದಲೆಳೆಯಷ್ಟು ಸಣ್ಣ ಕಾಲುವೆಗಳು, ಅವುಗಳಲ್ಲಿ ಹರಿಯುವ ನೀರು. ಚಿಪ್ ಎಷ್ಟು ಬಿಸಿಯಾಗುತ್ತದೆಂದು ಅವಳು ಲೆಕ್ಕ ಹಾಕಬೇಕಿತ್ತು. ನಾನು ಅವಳ ಗೈಡ್, ನನ್ನ ಪಿಎಚ್.ಡಿ.ಯೂ ಅದೇ ವಿಷಯ. ಮೊದಲು ನನ್ನ ಉತ್ತರಕ್ಕೆ ಅವಳದು ತಾಳೆಯಾಗಬೇಕು. ಆಗಲಿಲ್ಲ. ಅವಳ ಚಿಪ್ ಎಂಟು ಡಿಗ್ರಿ ಹೆಚ್ಚು ಕಾಯುತ್ತಿತ್ತು.

“ಮೆಶ್ ದೊಡ್ಡದಾಗ್ಯದ. ಸಣ್ಣದು ಮಾಡ್ಕೊಂಡು ಬಾ, ಆಮ್ಯಾಲ ಮಾತಾಡು,” ಎಂದು ಗದರಿದೆ. ಕಾಲುವೆಯನ್ನು ಇನ್ನೂ ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ ಮತ್ತೆ ಲೆಕ್ಕ ಮಾಡುವುದು. ಮೂರು ವಾರ ಮಾಡಿದಳು. ಎಂಟು ಡಿಗ್ರಿ ಅಲುಗಲಿಲ್ಲ.

ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ಇದನ್ನೇ ಹಿಡಿದರು. ಔರಾದಿನ ಕಾಲೇಜೊಂದರಲ್ಲಿ ಅವಳಿಗೆ ಕೆಲಸ ಗೊತ್ತಾಗಿತ್ತು, ಪಾಸಾದರೆ ಮಾತ್ರ. ನಾನು ಸುಮ್ಮನೆ ಅವಳ ವರದಿ ತಿರುವುತ್ತಿದ್ದೆ. ಕಾಲುವೆಯ ಎಡಬಲ ಒಂದೇ ಥರ ಇರುವುದರಿಂದ ಅರ್ಧಕ್ಕಷ್ಟೇ ಲೆಕ್ಕ ಹಾಕುವುದು ನಮ್ಮ ಪದ್ಧತಿ. ಕಾಲುವೆ ಅರ್ಧವಾದರೆ ನೀರೂ ಅರ್ಧವಾಗಬೇಕು. ಅವಳು ಅರ್ಧ ನೀರು ಬಿಟ್ಟಿದ್ದಳು. ನಾನು ನನ್ನ ಪಿಎಚ್.ಡಿ.ಯಲ್ಲಿ ಪೂರ್ತಿ ಬಿಟ್ಟಿದ್ದೆ! ನನ್ನ ಚಿಪ್ ತಣ್ಣಗಿದ್ದದ್ದು ಅದಕ್ಕೇ.

“ಗೈಡ್ ಲೆಕ್ಕಕ್ಕೂ ನಿಮ್ಮದಕ್ಕೂ ಯಾಕಿಷ್ಟು ಫರಕು?” ಎಂದು ಪರೀಕ್ಷಕರು ಅವಳನ್ನು ಕೇಳಿದರು.

ಅವಳು ನನ್ನ ಕಡೆ ಒಮ್ಮೆ ನೋಡಿ, “ನಂದೇ ಏನೋ ತಪ್ಪಾಗಿರಬೇಕ್ರಿ ಸರ್,” ಅಂದಳು.

“ಹಾಗಾದರೆ ಸರಿಮಾಡಿಕೊಂಡು ಆರು ತಿಂಗಳು ಬಿಟ್ಟು ಬನ್ನಿ.”

ಸುಳ್ಳು ಯಾಕೆ, ಅವರು ಪೆನ್ನು ಎತ್ತಿಕೊಂಡಾಗ ಮಾತ್ರ, “ಅವಳದು ಸರಿ ಅದರಿ. ತಪ್ಪು ನಂದು,” ಅಂದೆ. ಅವಳು ನೀರಿನ ಲೆಕ್ಕ ಬರೆದಿದ್ದ ಪುಟ ತೋರಿಸಿದೆ. ಅವರು ಎರಡು ಸಲ ನೋಡಿ ಪಾಸು ಮಾಡಿದರು.

ಹೊರಗೆ ಬಂದು ಕೇಳಿದೆ: “ನಿನಗ ಯಾವಾಗ ಗೊತ್ತಾಯ್ತು?”

“ಮೆಶ್ ದೊಡ್ಡದಾಗ್ಯದ ಅಂತ ನೀವು ಬೈದ್ರಲ್ರಿ ಮೇಡಂ, ಅವತ್ತೇ. ಅದನ್ನೇ ಹೇಳ್ಲಾಕ ಬಂದಿದ್ದೆ.”