ಫಳಫಳಕ್ಕನ ಪ್ರಯೋಗ

ಹಾಸ್ಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಹೆಂಗಸಿಗೆ ಮಕ್ಕಳು ಇಟ್ಟ ಹೆಸರು ಫಳಫಳಕ್ಕ. ತಳ ಸೀದ ಹಂಡೆಯೂ ಅವಳ ಕೈಗೆ ಸಿಕ್ಕಿತೆಂದರೆ ಮುಖ ನೋಡಿಕೊಳ್ಳುವಷ್ಟು ಹೊಳೆಯಬೇಕು. ಊಟದ ನಡುವೆ ಯಾರಾದರೂ ನೀರಿಗೆಂದು ಪಕ್ಕಕ್ಕೆ ತಿರುಗಿದರೆ ಸಾಕು, ತಟ್ಟೆ ಮಾಯ. ಮನೆಯಲ್ಲೂ ಅವಳದೇ ಕಾರುಬಾರು. ಅವಳು ಸೊಸೆಯಾಗಿ ಬಂದ ದಿನದಿಂದ ಅತ್ತೆ ಒಂದು ಲೋಟ ತೊಳೆದವರಲ್ಲ.

ಇಂಥವಳು ನಲವತ್ತು ದಾಟಿದ ಮೇಲೆ ಹತ್ತನೆಯ ತರಗತಿ ಪರೀಕ್ಷೆಗೆ ಕಟ್ಟಿದಳು. ಪಕ್ಕದ ಶಾಲೆಯ ಪ್ರಯೋಗಾಲಯದ ಸಹಾಯಕರು ನಿವೃತ್ತರಾಗುವವರಿದ್ದರು. ಪಾಸಾದರೆ ಆ ಕೆಲಸ ನಿನಗೇ ಎಂದು ಮುಖ್ಯೋಪಾಧ್ಯಾಯಿನಿ ಮಾತು ಕೊಟ್ಟಿದ್ದರು. ಸೋಪಿನ ನೀರಿಗೆ ಬೆರಳೆಲ್ಲ ಬಿರುಕು ಬಿಟ್ಟಿದ್ದ ಅವಳಿಗೆ ಆ ಕೆಲಸ ಬೇಕೇ ಬೇಕಿತ್ತು.

ಉಳಿದ ಪಾಠಗಳು ಹೇಗೋ ತಲೆಗೆ ಹತ್ತಿದವು. ರಾಸಾಯನಿಕ ಕ್ರಿಯೆಗಳು ಮಾತ್ರ ಕಬ್ಬಿಣದ ಕಡಲೆ. ಆಗ ನೆರವಿಗೆ ಬಂದವರು ಅತ್ತೆ. ಅವರಿಗೆ ಓದು ಬಾರದು, ಆದರೆ ಬಾಯಿಗೇನೂ ಬರವಿರಲಿಲ್ಲ. ಸೊಸೆ ಗಟ್ಟಿಯಾಗಿ ಓದಿದ್ದನ್ನು ಅವರು ತಮ್ಮ ಲೆಕ್ಕಕ್ಕೆ ಇಳಿಸಿಕೊಳ್ಳುತ್ತಿದ್ದರು. ಎರಡು ಸೇರಿ ಒಂದಾಗುವುದು ಸಂಯೋಗ, ಅಂದರೆ ಮದುವೆ. ಸುಟ್ಟ ಸುಣ್ಣಕ್ಕೆ ನೀರು ಬಿದ್ದಾಗ ಕುದಿಯುವುದನ್ನು ಕಂಡಿದ್ದ ಅವರು, ಹೊಸ ಸಂಸಾರವೂ ಮೊದಮೊದಲು ಹಾಗೇ ಎಂದರು. ಒಂದು ಒಡೆದು ಹಲವಾಗುವುದು ವಿಭಜನೆ, ಅಂದರೆ ಅಣ್ಣತಮ್ಮಂದಿರು ಪಾಲಾಗುವುದು. ಜೋರಿನವರು ಬಂದು ಬಡಪಾಯಿಯನ್ನು ಎಬ್ಬಿಸಿ ಕೂರುವುದು ಸ್ಥಾನಪಲ್ಲಟ, ಬಸ್ಸಿನಲ್ಲಿ ದಿನಾ ನಡೆಯುವಂಥದ್ದು. ಎರಡು ಜೋಡಿಗಳು ಒಬ್ಬರದನ್ನೊಬ್ಬರು ಅದಲುಬದಲು ಮಾಡಿಕೊಳ್ಳುವುದು ದ್ವಿಸ್ಥಾನಪಲ್ಲಟ ಎಂದು ಓದಿದಾಗ ಅತ್ತೆ ಕೆಮ್ಮಿದರು.

"ಅದಕ್ಕೆ ಉದಾಹರಣೆ ನಾನು ಹೇಳೋದಿಲ್ಲ."

ಕೊನೆಗೆ ಮಾತ್ರ ಅವರು ಪ್ರತಿಸಲವೂ ಬಿಡದೆ ಕೇಳುತ್ತಿದ್ದರು, "ಎಲ್ಲಾ ಸರಿ ಕಣೇ, ಬದಲಾಗಿದೆ ಅನ್ನೋಕೆ ಗುರುತೇನು?" ಬಣ್ಣ ಬದಲಾಗಬಹುದು, ಗುಳ್ಳೆ ಏಳಬಹುದು, ಬಿಸಿಯೋ ತಂಪೋ ಆಗಬಹುದು, ವಾಸನೆ ಹೊಡೆಯಬಹುದು, ತಿಳಿನೀರಿನಲ್ಲಿ ಪುಡಿ ಕೂರಬಹುದು ಎಂದು ಸೊಸೆ ಒಪ್ಪಿಸುತ್ತಿದ್ದಳು.

ಪ್ರಾಯೋಗಿಕ ಪರೀಕ್ಷೆಯ ದಿನ ಅವಳಿಗೆ ಎರಡು ಪ್ರಯೋಗ ಬಂದವು. ಮೈಲುತುತ್ತದ ನೀಲಿ ದ್ರಾವಣಕ್ಕೆ ಕಬ್ಬಿಣದ ಮೊಳೆ ಹಾಕಿದಳು. ನೀಲಿ ಮಂಕಾಯಿತು, ಮೊಳೆಯ ಮೇಲೆ ಕಂದು ಪದರ ಕೂತಿತು. ಎರಡು ತಿಳಿ ದ್ರಾವಣ ಬೆರೆಸಿದಳು, ಹಾಲಿನಂತೆ ಬೆಳ್ಳಗಾಯಿತು. ಸಂತೋಷದಿಂದ ಎದೆ ಉಬ್ಬಿತು. ಪರೀಕ್ಷಕಿ ಇನ್ನೂ ಆಚೆ ಮೇಜಿನಲ್ಲಿದ್ದರು, ಪಕ್ಕದಲ್ಲೇ ನಲ್ಲಿಯಿತ್ತು. ಅವಳ ಕೈ ಸುಮ್ಮನಿರುವ ಜಾತಿಯದಲ್ಲ.

ಪರೀಕ್ಷಕಿ ಬಂದು ನೋಡಿದರೆ ಪ್ರನಾಳಗಳು ಮಕಾಡೆ ಮಲಗಿ ನೀರು ಸೋರಿಸುತ್ತಿದ್ದವು. ಮೊಳೆ ಅಂಗಡಿಯಿಂದ ಈಗ ತಂದಂತಿತ್ತು.

"ಇನ್ನೂ ಶುರುನೇ ಮಾಡಿಲ್ವಾ?"

"ಮುಗೀತು ಮೇಡಂ, ತೊಳೆದೂ ಆಯ್ತು" ಎಂದಳು ಹೆಮ್ಮೆಯಿಂದ. ಮಾತು ಬಾಯಿಂದ ಹೊರಬಿದ್ದ ಮೇಲೆ ತಾನೇನು ಮಾಡಿದೆನೆಂಬುದು ಅವಳಿಗೆ ಹೊಳೆಯಿತು. ಅತ್ತೆ ಅಷ್ಟು ದಿನ ಕೇಳಿದ ಗುರುತೆಲ್ಲ ಚರಂಡಿ ಪಾಲಾಗಿತ್ತು, ಜೊತೆಗೆ ಕೆಲಸವೂ. ಕಣ್ಣು ತುಂಬಿ ಬಂತು.

ಪರೀಕ್ಷಕಿ ನಗು ನುಂಗಿಕೊಂಡು, ಗುರುತು ಕಾಣದೆ ಅಂಕ ಕೊಡಲಾಗದೆಂದರು. ಸಮಯವಿರುವುದರಿಂದ ಇನ್ನೊಮ್ಮೆ ಮಾಡಬಹುದೆಂದೂ, ನಲ್ಲಿಯ ಕಡೆ ಮಾತ್ರ ಸುಳಿಯಬಾರದೆಂದೂ ಹೇಳಿದರು. ಉಜ್ಜಿದ ಮೊಳೆಯಾದ್ದರಿಂದ ಈ ಸಲ ಕಂದು ಬಣ್ಣ ಬೇಗನೇ ಹತ್ತಿತು. ಬಿಳಿ ಪುಡಿ ಮೆಲ್ಲಗೆ ತಳ ಸೇರಿತು. ಫಳಫಳಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಹೆಣೆದುಕೊಂಡು, ಆ ಕೊಳೆಯನ್ನು ಹೆತ್ತ ಮಗುವಿನಂತೆ ಕಾದು ನಿಂತಳು.

ಪಾಸಾದಳು. ಕೆಲಸವೂ ಸಿಕ್ಕಿತು.

ಪ್ರಯೋಗಾಲಯದ ಮೊದಲ ದಿನ ಮುಗಿಸಿ ಸಂಜೆ ಮನೆಗೆ ಬಂದವಳು ಸೀದಾ ಅಡುಗೆಮನೆಗೆ ನಡೆದಳು. ಅಲ್ಲಿ ಅತ್ತೆ ಸೆರಗು ಸಿಕ್ಕಿಸಿಕೊಂಡು ಪಾತ್ರೆ ತೊಳೆಯುತ್ತಿದ್ದರು. ಅವಳು ಕೈ ಹಾಕಲು ಹೋದರೆ, "ಕೂತ್ಕೊ, ಕೆಲಸದಿಂದ ಬಂದಿದ್ದೀಯ" ಎಂದು ಗದರಿ, ಆಗ ತಾನೇ ತೊಳೆದ ಲೋಟದಲ್ಲಿ ಕಾಫಿ ಬಗ್ಗಿಸಿ ಕೊಟ್ಟರು. ಲೋಟದ ಅಂಚಿನಲ್ಲಿ ಸೋಪಿನ ಬಿಳಿ ಗೆರೆ ಹಾಗೇ ಉಳಿದಿತ್ತು. ಫಳಫಳಕ್ಕನ ಬೆರಳು ಅಭ್ಯಾಸಬಲದಿಂದ ಅದರತ್ತ ಹೋಯಿತು. ಆಮೇಲೆ ಕೈ ಹಿಂದಕ್ಕೆ ಎಳೆದುಕೊಂಡಳು, ಆ ಗೆರೆಯನ್ನು ಒರೆಸದೆಯೇ ಕಾಫಿ ಕುಡಿದಳು.