ಬಾದಾಮಿ ಮರದ ಕೆಳಗಿನ ಜೀಪು

ನಮ್ಮ ಗೇರುಬೀಜದ ಫ್ಯಾಕ್ಟರಿಯಲ್ಲಿ ಬಿಳಿ ಕೈಗಳಿದ್ದದ್ದು ಒಬ್ಬರಿಗೇ, ಮೇನೇಜರಿಗೆ. ಬೀಜ ಒಡೆಯುವ ಹೆಂಗಸರ ಬೆರಳುಗಳು ಸೊನೆ ತಾಗಿ ತಾಗಿ ಇದ್ದಿಲಿನ ಬಣ್ಣಕ್ಕೆ ತಿರುಗಿದ್ದವು. ಆಫೀಸಿನಲ್ಲಿ ಕೂತು ಬರೆಯುವ ನನ್ನ ಕೈಗೂ ಕಾರ್ಬನ್ ಹಾಳೆಯ ಮಸಿ ಅಂಟಿರುತ್ತಿತ್ತು. ಮೇನೇಜರದ್ದು ಮಾತ್ರ ಆಗಷ್ಟೇ ಸಿಪ್ಪೆ ಸುಲಿದ ಬೀಜದ ಹಾಗೆ ಬೆಳ್ಳಗೆ, ತುಸು ಬಾಗಿದ ಬೆರಳುಗಳು. ಆಗಾಗ ಎದ್ದು ಹೋಗಿ ಸಾಬೂನು ಹಾಕಿ ತೊಳೆದು, ಕರವಸ್ತ್ರದಲ್ಲಿ ಒಂದೊಂದೇ ಬೆರಳು ಒರೆಸುತ್ತ ಬರುತ್ತಿದ್ದರು. ಆ ಕೈ ಯಾರ ಮೇಲೂ ಎತ್ತಿದ್ದನ್ನು ನಾನು ನೋಡಿಲ್ಲ. ಎತ್ತುವ ಅಗತ್ಯವೇ ಬೀಳುತ್ತಿರಲಿಲ್ಲ. ಅಂಗಳದಲ್ಲಿ ಅವರ ಜೀಪು ನಿಂತಿರುತ್ತಿತ್ತು, ಜೀಪಿನಲ್ಲಿ ಕೋವಿ ಇರುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದ ವರ್ಷಗಳ ಮಾತು. ಫ್ಯಾಕ್ಟರಿ ಇದ್ದದ್ದು ಕಾರ್ಕಳದಿಂದ ಉಡುಪಿಗೆ ಬರುವ ದಾರಿಯಲ್ಲಿ. ಧಣಿಗಳು ಮಂಗಳೂರಿನಲ್ಲಿ, ತಿಂಗಳಿಗೊಮ್ಮೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಉಳಿದಂತೆ ಮೇನೇಜರದ್ದೇ ರಾಜ್ಯ. ಅವರ ಮನೆ ಕಾರ್ಕಳದ ಆಚೆ, ಕಾಡಿನ ಬದಿಯಲ್ಲಿ. ಗದ್ದೆಗೆ ಹಂದಿಗಳ ಕಾಟವೆಂದು ಕೋವಿಗೆ ಪರವಾನಗಿ ಮಾಡಿಸಿಕೊಂಡಿದ್ದರು. ಹಂದಿ ಗದ್ದೆಗೆ ಇಳಿಯುವುದು ಕತ್ತಲಾದ ಮೇಲೆ. ಇವರ ಕೋವಿ ಮಾತ್ರ ಹಗಲು ಹೊತ್ತಿನಲ್ಲಿ ಫ್ಯಾಕ್ಟರಿಗೆ ಬರುತ್ತಿತ್ತು. ಜೀಪಿನ ಹಿಂದಿನ ಸೀಟಿನ ಮೇಲೆ ಗೋಣಿ ಸುತ್ತಿ ಮಲಗಿಸಿರುತ್ತಿದ್ದರು. ಗೋಣಿಯಿಂದ ಅದರ ಹಿಡಿಯ ತುದಿಯಷ್ಟೇ ಹೊರಗೆ ಕಾಣಬೇಕು. ಆ ತುದಿ ಕಾಣದ ಒಂದು ದಿನ, ಗೋಣಿ ಸರಿಸಲೆಂದೇ ಅವರು ಅಂಗಳಕ್ಕೆ ಇಳಿದು ಹೋದದ್ದನ್ನು ನನ್ನ ಕಿಟಕಿಯಿಂದ ನೋಡಿದ್ದೇನೆ.

ಯಾರಾದರೂ ರಜೆ ಕೇಳಲು ಬಂದರೆ ಅವರು ಇಲ್ಲ ಎನ್ನುತ್ತಿರಲಿಲ್ಲ. ಕಿಟಕಿಯಾಚೆ ಜೀಪಿನ ಕಡೆ ನೋಡಿ, "ಬಿಸಿಲು ಜೋರುಂಟಲ್ವಾ? ಗಾಡಿಯೊಳಗೆ ಎಲ್ಲ ಬಿಸಿಯಾಗಿರಬೇಕು," ಎನ್ನುತ್ತಿದ್ದರು. ಅಷ್ಟೆ. ಬಂದವಳು ಸೆರಗು ಸುತ್ತಿಕೊಂಡು ಹಿಂದೆ ಹೋಗುತ್ತಿದ್ದಳು. ಒಮ್ಮೆ ನಾನೇ, "ಪಾಪ, ಅವಳು ಹೆದರಿದಳು ಸರ್," ಎಂದೆ. ಅವರು ಬೆರಳು ಒರೆಸಿಕೊಳ್ಳುತ್ತ, "ನಾನು ಎಂತ ಹೇಳಿದೆ? ಗಾಡಿಯ ವಿಷಯ ಹೇಳಿದ್ದು. ಅದಕ್ಕೂ ಹೆದರಿದರೆ ನಾನು ಎಂತ ಮಾಡುವುದು ಮಾರಾಯ್ತಿ?" ಎಂದು ನಕ್ಕರು. ಶನಿವಾರ ಹೆಂಗಸರು ಬುತ್ತಿ ಬಿಚ್ಚುವ ಹೊತ್ತಿಗೆ ಸರಿಯಾಗಿ ಕುರ್ಚಿಯನ್ನು ಬಾದಾಮಿ ಮರದ ಕೆಳಗೆ ಹಾಕಿಸಿ, ಕೋವಿಯ ನಳಿಗೆಗೆ ಎಣ್ಣೆಬಟ್ಟೆ ಎಳೆಯುತ್ತ ಕೂರುತ್ತಿದ್ದರು. ಅವರ ಒಳ್ಳೆಯ ಗುಣ ಒಂದಾದರೂ ಹೇಳಬೇಕೆಂದರೆ, ಕೆಲಸಕ್ಕೆ ತಡವಾಗಿ ಬಂದವರಲ್ಲ. ಅದು ಕೂಡ ನಮಗೆ ಒಳ್ಳೆಯದೇ ಎಂದು ಹೇಳಲಾರೆ.

ಆದರೆ ಅವರಿಗೂ ಒಂದು ಋತುಮಾನವಿತ್ತು. ಚುನಾವಣೆ ಘೋಷಣೆಯಾದರೆ ಪರವಾನಗಿ ಇದ್ದವರೆಲ್ಲ ಕೋವಿಯನ್ನು ಪೊಲೀಸ್ ಸ್ಟೇಶನ್ನಿಗೆ ಒಪ್ಪಿಸಬೇಕು. ಫಲಿತಾಂಶ ಬಂದ ಮೇಲೆಯೇ ವಾಪಸು. ಆ ವರ್ಷಗಳಲ್ಲಿ ಚುನಾವಣೆಗೇನೂ ಬರವಿರಲಿಲ್ಲ. ದೆಹಲಿಯಲ್ಲಿ ಸರಕಾರ ಏಳುವುದೂ ಬೀಳುವುದೂ ನಡೆದೇ ಇತ್ತು. ಕೋವಿ ಸ್ಟೇಶನ್ನಿನಲ್ಲಿದ್ದ ವಾರಗಳಲ್ಲಿ ಮೇನೇಜರ್ ಬೇರೆಯೇ ಮನುಷ್ಯ. ಶೆಡ್ಡಿನ ಬಾಗಿಲಲ್ಲಿ ನಿಂತು, "ಎಂತ ಅಕ್ಕ, ಊಟ ಆಯಿತಾ?" ಎಂದು ಕೇಳಿದ್ದೂ ಉಂಟು. ಮೊದಲ ಸಲ ಹಾಗೆ ಕೇಳಿದಾಗ ಅವರಿಗೆ ಜ್ವರ ಬಂದಿರಬೇಕೆಂದು ಹೆಂಗಸರು ಮಾತಾಡಿಕೊಂಡರು.

ಕೋವಿ ಇಲ್ಲದಾಗಿನ ಈ ಮೆದುತನದ ಗುಟ್ಟು ಕಂಡುಹಿಡಿದದ್ದು ಲೂಸಿಬಾಯಿ. ಕೊಂಕಣಿ ಮನೆಮಾತಿನ ಕ್ರಿಶ್ಚಿಯನ್ ಹೆಂಗಸು, ಬೀಜ ಒಡೆಯುವವರಲ್ಲಿ ಎಲ್ಲರಿಗಿಂತ ಹಳಬಳು. ಅವಳ ಮಾತಿನ ಮೇಲೆ ಹೆಂಗಸರು ತಮ್ಮ ಬೇಡಿಕೆಗಳನ್ನೆಲ್ಲ ಚುನಾವಣೆಗೆ ಎತ್ತಿಡಲು ಶುರುಮಾಡಿದರು. ನಮ್ಮ ಕಕ್ಕಸಿನ ಬಾಗಿಲು ಒಂದು ಚುನಾವಣೆಯದ್ದು, ಕುಡಿಯುವ ನೀರಿನ ಟ್ಯಾಂಕು ಇನ್ನೊಂದರದ್ದು. ರೇಡಿಯೋದಲ್ಲಿ ಅವಿಶ್ವಾಸದ ಸುದ್ದಿ ಬಂದರೆ ಸಾಕು, ಶೆಡ್ಡಿನೊಳಗೆ ಪಿಸುಪಿಸು.

"ಸರಕಾರ ಬೀಳುತ್ತದಂತಾ ಅಕ್ಕ?"

"ಬೀಳಲಿ ಮಾರಾಯ್ತಿ. ಒಂದು ಫ್ಯಾನು ಆಗಬೇಕು."

ಹೀಗೆ ನಡೆದುಕೊಂಡು ಹೋಗುತ್ತಿತ್ತೋ ಏನೋ. ಆದರೆ ಬಾದಾಮಿ ಮರದ ಪಕ್ಕದಲ್ಲೇ ಮಕ್ಕಳ ಕೋಣೆ ಇತ್ತು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ಹೆಂಗಸರು ಸಣ್ಣ ಮಕ್ಕಳನ್ನು ಅಲ್ಲಿ ಬಿಟ್ಟು ಕೆಲಸಕ್ಕೆ ಕೂರುತ್ತಿದ್ದರು. ಲೂಸಿಬಾಯಿಯ ಮಗಳ ಮಗನೂ ಅಲ್ಲಿಯೇ, ಇನ್ನೂ ಶಾಲೆಗೆ ಹಾಕದ ಮಗು. ಒಂದು ಮಧ್ಯಾಹ್ನ ಅವನು ಕೋಣೆಯಲ್ಲಿ ಕಾಣಲಿಲ್ಲ. ಬಾವಿಕಟ್ಟೆ, ಗೇಟು ಎಲ್ಲ ಹುಡುಕಿದ ಮೇಲೆ ಜೀಪಿನೊಳಗಿಂದ ಊಂ ಊಂ ಎಂಬ ಸದ್ದು ಕೇಳಿಸಿತು. ಗೋಣಿ ಕೆಳಗೆ ಬಿದ್ದಿತ್ತು. ಮಗು ಸೀಟಿನ ಮೇಲೆ ಕಾಲು ಚಾಚಿ ಕೂತು, ನಳಿಗೆಯ ಬಾಯಿಗೆ ತನ್ನ ಬಾಯಿ ಇಟ್ಟು ಪೀಪಿ ಊದುತ್ತಿದ್ದ.

ಲೂಸಿಬಾಯಿ ಕಿರುಚಲಿಲ್ಲ. ಅವನನ್ನು ಮೆಲ್ಲನೆ ಎತ್ತಿ ಸೊಂಟಕ್ಕೆ ಹಾಕಿಕೊಂಡು, ಹಾಗೆಯೇ ಆಫೀಸಿಗೆ ಬಂದಳು.

"ಅದರಲ್ಲಿ ಗುಂಡಿನ ತೋಟೆ ಉಂಟಾ?"

"ಇಲ್ಲ," ಎಂದರು ಮೇನೇಜರ್.

"ತೆಗೆದು ತೋರಿಸಿ."

"ನಿನಗೆ ತೋರಿಸಬೇಕಾ? ನೀನು ಯಾರು, ಕಮಿಷನರಾ?"

"ತೋರಿಸಬೇಡಿ. ನಾಳೆಯಿಂದ ಗಾಡಿ ಗೇಟಿನ ಹೊರಗೆ ನಿಲ್ಲಲಿ, ಇಲ್ಲದಿದ್ದರೆ ಅದನ್ನು ಮನೆಯಲ್ಲಿಟ್ಟು ಬನ್ನಿ. ಇದು ಮಕ್ಕಳಿರುವ ಜಾಗ."

ಮೇನೇಜರ್ ಎದ್ದು ಹೋಗಿ ಕೈ ತೊಳೆದು ಬಂದರು. ಆಮೇಲೆ ಮಾತಾಡಿದ್ದು ನನ್ನ ಹತ್ತಿರ. "ಇವಳಿಗೆ ನಾಳೆಯಿಂದ ಕೆಲಸ ಇಲ್ಲ. ಬರೆದುಕೊಳ್ಳಿ." ಲೂಸಿಬಾಯಿಯ ಮನೆ ನಡೆಯುತ್ತಿದ್ದದ್ದು ಅವಳೊಬ್ಬಳ ದುಡಿಮೆಯಿಂದ. ಅದು ಮೇನೇಜರಿಗೂ ಗೊತ್ತಿತ್ತು. ಕೋವಿಯಲ್ಲಿ ತೋಟೆ ಇತ್ತೋ ಇಲ್ಲವೋ ಎಂಬುದು ನಮಗೆ ಕೊನೆಗೂ ಗೊತ್ತಾಗಲಿಲ್ಲ.

ಸರಕಾರ ಮತ್ತೆ ಬಿತ್ತು. ಚುನಾವಣೆ ಬಂತು. ಈ ಸಲ ಫ್ಯಾನಿನ ಮಾತು ಯಾರೂ ಎತ್ತಲಿಲ್ಲ. ಲೂಸಿಬಾಯಿಯನ್ನು ವಾಪಸು ತೆಗೆದುಕೊಳ್ಳಬೇಕು, ಕೋವಿ ಅಂಗಳಕ್ಕೆ ಬರಕೂಡದು. ಎರಡೇ ಮಾತು. ಹೆಂಗಸರು ಅವಳನ್ನೂ ಮನೆಯಿಂದ ಕರೆದುಕೊಂಡು ಬಂದು ಮೇನೇಜರ ಮೇಜಿನ ಮುಂದೆ ನಿಂತರು. ಸ್ಟೇಶನ್ನಿಗೆ ಕೋವಿ ಹೋಗಿ ಆಗಿದೆ ಎಂಬ ಧೈರ್ಯದಲ್ಲಿ ಸ್ವರವೂ ಜೋರಾಗಿಯೇ ಇತ್ತು. ಮೇನೇಜರ್ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಕುರ್ಚಿಗೆ ಒರಗಿದರು.

"ಕೋವಿ ಕೊಟ್ಟಿದ್ದೇನೆ ಅಂತ ನಿಮಗೆ ಯಾರು ಹೇಳಿದ್ದು?"

ಮೇನೇಜರ್ ಕಿಟಕಿಯಾಚೆ ಜೀಪಿನ ಕಡೆ ನೋಡಿದರು.

"ಜೀಪಿನಲ್ಲೇ ಉಂಟು. ಆರ್ಡರ್ ಇರುವುದು ಮನೆಯಲ್ಲಿಟ್ಟವರಿಗೆ, ರಸ್ತೆಯಲ್ಲಿ ಹಿಡಿದುಕೊಂಡು ಹೋಗುವವರಿಗೆ. ನನ್ನದು ಮನೆಯಲ್ಲಿ ಉಂಟಾ? ಇಲ್ಲ. ರಸ್ತೆಯಲ್ಲಿ ಉಂಟಾ? ಅದೂ ಇಲ್ಲ. ನನ್ನ ಗಾಡಿಯಲ್ಲಿ ಉಂಟು, ಗಾಡಿ ಕಂಪೌಂಡಿನ ಒಳಗೆ ಉಂಟು. ಇಲ್ಲಿಗೆ ಯಾವ ಕಾನೂನು ಬರುತ್ತದೆ? ಈಗ ಹೇಳಿ, ಯಾರಿಗೆ ಎಂತ ಬೇಕಿತ್ತು?"

ಪ್ರತಿ ದಿನ ಬೆಳಿಗ್ಗೆ ಕಾರ್ಕಳದಿಂದ ಅಷ್ಟು ದೂರ ಅವರ ಜೀಪು ಬರುತ್ತಿದ್ದದ್ದು ರಸ್ತೆಯ ಮೇಲೆಯೇ ಎಂಬುದು ಅವರಿಗೆ ಹೊಳೆದಿರಲಿಲ್ಲ. ನಮಗೂ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಹಿಂದೆ ನಿಂತಿದ್ದವರು ಒಬ್ಬೊಬ್ಬರಾಗಿ ಬಾಗಿಲ ಕಡೆ ಸರಿದರು. ಲೂಸಿಬಾಯಿಯೂ ಹೊರಗೆ ಹೋದಳು. ಸೋತು ಹೋದಳು ಎಂದುಕೊಂಡೆ. ಆದರೆ ಅವಳು ನೆಟ್ಟಗೆ ಮಕ್ಕಳ ಕೋಣೆಗೆ ನಡೆದು, ಇಬ್ಬರು ಮಕ್ಕಳನ್ನು ಎರಡು ಕಂಕುಳಲ್ಲಿ ಎತ್ತಿಕೊಂಡು ಗೇಟು ದಾಟಿ, ರಸ್ತೆಬದಿಯ ಮೋರಿಕಟ್ಟೆಯ ಮೇಲೆ ಕೂತಳು. ಅವರ ತಾಯಂದಿರು ಹಿಂದೆ ಓಡಿದರು. ನೋಡುನೋಡುತ್ತಿದ್ದಂತೆ ಕೋಣೆ ಖಾಲಿಯಾಯಿತು, ಆಮೇಲೆ ಶೆಡ್ಡು ಖಾಲಿಯಾಯಿತು. ಒಳಗೆ ಹುರಿದ ಬೀಜ ರಾಶಿ ಬಿದ್ದಿತ್ತು. ಒಡೆಯುವ ಕೈ ಒಂದೂ ಇರಲಿಲ್ಲ.

ಮೇನೇಜರ್ ಗೇಟಿಗೆ ಬಂದು, "ಒಳಗೆ ಬರುತ್ತೀರಾ, ಅಲ್ಲ ನಾನು..." ಎಂದು ಅರ್ಧಕ್ಕೆ ನಿಲ್ಲಿಸಿದರು. ಆ ವಾಕ್ಯದ ಉಳಿದರ್ಧವನ್ನು ಅವರು ಯಾವಾಗಲೂ ಜೀಪಿನ ಕಡೆ ನೋಡಿ ಮುಗಿಸುತ್ತಿದ್ದರು. ಈಗಲೂ ನೋಡಿದರು. ಹೆಂಗಸರು ಮಾತ್ರ ಅತ್ತ ನೋಡಲಿಲ್ಲ. ಮಕ್ಕಳಿಗೆ ಗಂಜಿ ತಿನ್ನಿಸುತ್ತಿದ್ದರು.

ಚುನಾವಣೆಯ ಸಮಯ ರಸ್ತೆಬದಿಯಲ್ಲಿ ಅಷ್ಟು ಜನ ಕೂತರೆ ಪೊಲೀಸರ ಗಾಡಿ ನಿಲ್ಲದೆ ಹೋಗುತ್ತದೆಯೇ? ನಿಂತಿತು. ಹೊಟ್ಟೆ ಮುಂದೆ ಬಂದ ಒಬ್ಬ ಹೆಡ್ ಕಾನ್‌ಸ್ಟೇಬಲ್ ಇಳಿದರು.

"ಎಂತ ಸಭೆ ಇದು? ಪರ್ಮಿಶನ್ ಉಂಟಾ? ಯಾವ ಪಕ್ಷ ನಿಮ್ಮದು?"

"ಗೇರುಬೀಜದ ಪಕ್ಷ," ಎಂದು ಯಾರೋ ಹೇಳಿದರು. ಲೂಸಿಬಾಯಿ ಮಾತ್ರ ನಗದೆ, "ಒಳಗೆ ಜೀಪಿನಲ್ಲಿ ಕೋವಿ ಉಂಟು ಸರ್. ಅದು ಇರುವಲ್ಲಿ ಮಕ್ಕಳನ್ನು ಬಿಡುವುದಿಲ್ಲ, ಅದಕ್ಕೆ ಕೂತದ್ದು," ಎಂದಳು.

ಕಾನ್‌ಸ್ಟೇಬಲ್ ಒಳಗೆ ಬಂದು ಗೋಣಿ ಬಿಚ್ಚಿಸಿದರು, ಪರವಾನಗಿ ತರಿಸಿದರು, ಕನ್ನಡಕ ಏರಿಸಿ ನಿಧಾನ ಓದಿದರು. ಮೇನೇಜರ್ ತಮ್ಮ ಕಂಪೌಂಡಿನ ಕಾನೂನನ್ನು ಮತ್ತೊಮ್ಮೆ ವಿವರಿಸಿದರು.

"ಸ್ವಾಮಿ, ಇದು ನಿಮಗೆ ಕೊಟ್ಟದ್ದು ಬೆಳೆ ಕಾಯಲಿಕ್ಕೆ, ಹಂದಿ ಓಡಿಸಲಿಕ್ಕೆ. ಇಲ್ಲಿ ಬೆಳೆ ಎಲ್ಲುಂಟು? ಹಂದಿ ಎಲ್ಲುಂಟು?"

"ಹುಡುಕಿದರೆ ಒಂದು ಸಿಕ್ಕೀತು ಸರ್," ಎಂದಳು ಗೇಟಿನ ಹೊರಗಿನಿಂದ ಲೂಸಿಬಾಯಿ.

ಅಷ್ಟು ಹೆಂಗಸರು ಒಟ್ಟಿಗೆ ನಕ್ಕದ್ದನ್ನು ಆ ಅಂಗಳದಲ್ಲಿ ನಾನು ಅದೇ ಮೊದಲು ಕೇಳಿದ್ದು. ಕಾನ್‌ಸ್ಟೇಬಲರೂ ನಗು ಅಡಗಿಸಲು ಮುಖ ತಿರುಗಿಸಿಕೊಂಡರು. ಕೋವಿ ಪೊಲೀಸರ ಗಾಡಿಗೆ ಹೋಯಿತು, ಅದರ ಹಿಂದೆ ಮೇನೇಜರ್ ತಮ್ಮ ಜೀಪು ಬಿಟ್ಟುಕೊಂಡು ಹೋದರು. ಹೋಗುವಾಗ ಅವರ ಎರಡೂ ಅಂಗೈಗಳಲ್ಲಿ ಎಣ್ಣೆಯ ಕರಿ ಮೆತ್ತಿತ್ತು. ಗೋಣಿ ಬಿಚ್ಚುವ ಕೆಲಸವನ್ನು ಕಾನ್‌ಸ್ಟೇಬಲ್ ಮೇನೇಜರಿಂದಲೇ ಮಾಡಿಸಿದ್ದರು.

ಇಲ್ಲಿಗೆ ನಿಲ್ಲಿಸಿದರೆ ಕತೆ ಚೆಂದವಾಗಿರುತ್ತದೆ. ಆದರೆ ಹಾಗೆ ಮುಗಿಯಲಿಲ್ಲ. ಸ್ವಲ್ಪ ದಿನ ಕೇಸು ಎಂದು ಅಲೆದು ಮೇನೇಜರ್ ಮತ್ತೆ ಅದೇ ಕುರ್ಚಿಗೆ ಬಂದರು. ಧಣಿಗಳು ಮಂಗಳೂರಿನಿಂದ ಬಂದು, ಕೋವಿ ಇನ್ನು ಫ್ಯಾಕ್ಟರಿಯ ಹತ್ತಿರ ಸುಳಿಯಬಾರದೆಂದು ಕಟ್ಟಪ್ಪಣೆ ಮಾಡಿದರು. ಲೂಸಿಬಾಯಿಯ ವಿಷಯ ಬಂದಾಗ, "ಅವಳನ್ನು ತೆಗೆದುಕೊಂಡರೆ ನಿಮ್ಮ ಮರ್ಯಾದೆ ಎಂತ ಉಳಿಯಿತು?" ಎಂದು ಮೇನೇಜರನ್ನೇ ಕೇಳಿದರು. ಮೇನೇಜರ್ ಕರವಸ್ತ್ರ ತೆಗೆದು ಬೆರಳು ಒರೆಸಿಕೊಂಡರು. ತೆಗೆದುಕೊಳ್ಳುವ ಎಂಬ ಒಂದು ಮಾತು ಅವರ ಬಾಯಿಂದ ಬಂದಿದ್ದರೆ ಸಾಕಿತ್ತು. ಬರಲಿಲ್ಲ. ಲೂಸಿಬಾಯಿ ಮಣಿಪಾಲದ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುವ ಕೆಲಸಕ್ಕೆ ಸೇರಿದಳು, ಎರಡು ಬಸ್ಸು ಬದಲಿಸಿ ಹೋಗಿ ಬರುತ್ತಿದ್ದಳು. ನಾನು ಮದುವೆಯಾಗಿ ಉಡುಪಿಯ ಬನ್ನಂಜೆಗೆ ಬಂದೆ. ಮೇನೇಜರಿಂದ ನಾನು ಕಲಿತದ್ದು ಇಷ್ಟು: ತುಂಬ ಮೆಲ್ಲಗೆ, ತುಂಬ ನಯವಾಗಿ ಮಾತಾಡುವ ಅಧಿಕಾರಿಯನ್ನು ಕಂಡರೆ, ಇವರು ನೆಚ್ಚಿಕೊಂಡ ವಸ್ತು ಎಲ್ಲಿದೆ ಎಂದು ಕಣ್ಣು ತಾನಾಗಿ ಹುಡುಕುತ್ತದೆ. ಸಾಮಾನ್ಯವಾಗಿ ಸಿಗುತ್ತದೆ ಕೂಡ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳ ಮೇಲೆ ಮೇನೇಜರ್ ತೀರಿಕೊಂಡರು, ಹೃದಯದ ಕಾಯಿಲೆ. ನನಗೆ ಹೋಗುವ ಮನಸ್ಸಿರಲಿಲ್ಲ. ಆಗ ಕಾಪುವಿನಲ್ಲಿ ಮಗಳ ಜೊತೆ ಇದ್ದ ಲೂಸಿಬಾಯಿಯೇ ಫೋನು ಮಾಡಿ, "ಸತ್ತ ಮನೆಗೆ ಹೋಗದೆ ಇರುವಷ್ಟು ದೊಡ್ಡವರು ನಾವಲ್ಲ. ಹೊರಡಿ," ಎಂದು ಗದರಿಸಿದಳು.

ಅವರ ಹೆಂಡತಿಯನ್ನು ನಾವು ಕಂಡದ್ದು ಅದೇ ಮೊದಲು. ಸಣ್ಣ ಸ್ವರದ, ಒಳ್ಳೆಯ ಹೆಂಗಸು. ಫ್ಯಾಕ್ಟರಿಯವರು ಎಂದು ತಿಳಿದು ನಮಗಿಬ್ಬರಿಗೂ ಒಳಗಿನಿಂದ ಕುರ್ಚಿ ತರಿಸಿದರು. ಲೂಸಿಬಾಯಿಯ ಕೈಗಳನ್ನು ನೋಡಿ, "ನೀವು ಬೀಜ ಒಡೆಯುತ್ತಿದ್ದವರಾ ಅಮ್ಮ?" ಎಂದರು. ಆಮೇಲೆ ಗಂಡನ ಬಗ್ಗೆ ಒಳ್ಳೆಯ ಮಾತು ಆಡುತ್ತ ಹೋದರು. ಆ ಹೊತ್ತಿನಲ್ಲಿ ಯಾರಾದರೂ ಆಡುವಂಥದ್ದೇ.

"ಹೊರಗೆ ಸ್ವಲ್ಪ ಬಿಗಿ ಇದ್ದಿರಬಹುದು. ಮನೆಯಲ್ಲಿ ಎಷ್ಟು ಜಾಗ್ರತೆಯ ಮನುಷ್ಯ ಗೊತ್ತುಂಟಾ? ಅವರಿಗೆ ಒಂದು ಕೋವಿ ಇತ್ತು. ಮಕ್ಕಳು ಸಣ್ಣವರಿದ್ದಷ್ಟು ದಿನ, ತಾನಿಲ್ಲದಾಗ ಅದು ಈ ಮನೆಯಲ್ಲಿ ಇರಲಿಕ್ಕೇ ಬಿಡಲಿಲ್ಲ. ಹೋದಲ್ಲಿಗೆ ಜೀಪಿನಲ್ಲೇ ತೆಗೆದುಕೊಂಡು ಹೋಗುತ್ತಿದ್ದರು. ಮಕ್ಕಳಿರುವಲ್ಲಿ ಇಡಬಾರದು ಅಂತ ಅವರದ್ದೇ ಹಟ."

ಲೂಸಿಬಾಯಿ ಕೈಯಲ್ಲಿದ್ದ ನೀರಿನ ಲೋಟವನ್ನು ಕುಡಿಯದೆ ಕೆಳಗಿಟ್ಟು ಎದ್ದಳು, ಆ ಹೆಂಗಸಿನ ಭುಜದ ಮೇಲೆ ಕೈ ಇಟ್ಟಳು.

"ಹೌದಮ್ಮ, ಇಡಬಾರದು. ನಾನೂ ಅವರಿಗೆ ಅದನ್ನೇ ಹೇಳಿದ್ದು."